ಹದಿನೆಂಟರೊಳಗೆ ಕೇಳಿದ ಹಾಡು

2025ರ ಮಾರ್ಚ್ 9, ಭಾನುವಾರ ಬೆಳಿಗ್ಗೆ. ಕಂಬಂ ಊರಿನ ಒಂದು ಟೀ ಅಂಗಡಿ. ಸ್ನೇಹಿತರ ಮನೆಯ ಮದುವೆಗೆ ಅಂತ ಹಿಂದಿನ ದಿನ ಹೊಸೂರು ಕಡೆಯಿಂದ ಹೊರಟವನು ದಿಂಡಿಗಲ್, ಬತ್ತಲಗುಂಡು, ಪೆರಿಯಕುಳಂ, ತೇನಿ ಅಂತ ಬಸ್ಸು ಬದಲಿಸಿ ಬದಲಿಸಿ ಸುಸ್ತಾಗಿ ಬಂದು ಸೇರಿದ್ದೆ. ಬೆಳಿಗ್ಗೆ ಎದ್ದವನೇ ಟೀಗೆ ಹೋದೆ. ಗೋಡೆಯ ಮೇಲಿನ ಟೀವಿಯಲ್ಲಿ ಒಂದೇ ಸುದ್ದಿ. ಇಳಯರಾಜ ಲಂಡನ್ನಿನಲ್ಲಿ ಸಿಂಫನಿ ಮಾಡಿದರು! ಹೆಸರು 'ವೇಲಿಯಂಟ್'. ನುಡಿಸಿದ್ದು ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ.

ಕಂಬಂ ಕಣಿವೆಯಲ್ಲಿ ಈ ಸುದ್ದಿ ಬಂದರೆ ಹೇಗಿರುತ್ತೆ ಅಂತ ನಿಮಗೆ ಬೇರೆ ಹೇಳಬೇಕಿಲ್ಲ. ರಾಜಾ ಹುಟ್ಟಿದ ಪಣ್ಣೈಪುರಂ ಅಲ್ಲಿಂದ ದೂರವೇನಿಲ್ಲ. ಅಂಗಡಿಯಲ್ಲಿ ಮೂರು ಪಕ್ಷ ಆಗಿಹೋಗಿತ್ತು. ದ್ರಾಕ್ಷಿ ತೋಟದ ಕಡೆ ಹೊರಟಿದ್ದ ಹಿರಿಯರೊಬ್ಬರು, "ನಮ್ಮ ಮಣ್ಣಿನ ಹುಡುಗ ಬಿಳಿಯರನ್ನು ಕೂರಿಸಿ ನುಡಿಸಿದ, ಇನ್ನೇನು ಬೇಕು?" ಅಂತಿದ್ದರು. ಒಬ್ಬ ನಡುವಯಸ್ಸಿನ ಕಂಡಕ್ಟರ್, "ಅದೆಲ್ಲಾ ಸರಿ ಅಣ್ಣಾ, ಮಾತಿಲ್ಲ ಹಾಡಿಲ್ಲ, ನಾನು ಬಸ್ಸಿನಲ್ಲಿ ಹಾಕೋಕಾಗುತ್ತಾ? ನಮಗೆ ಎಂಬತ್ತರ ದಶಕದ ರಾಜಾ ಸಾಕು" ಅಂದ. ಮೂರನೆಯವನು ಕಾಲೇಜು ಹುಡುಗ. ಅವನ ಪ್ರಕಾರ ಇದು ನಿಜವಾದ ಸಿಂಫನಿಯೇ ಅಲ್ಲವಂತೆ, ಯಾರೋ ಹೇಳಿದರಂತೆ.

ನಾನು ಟೀ ಕುಡಿಯುತ್ತಾ ಕೇಳಿಸಿಕೊಂಡೆ. ತಮಾಷೆ ಅಂದರೆ, ಆ ಅಂಗಡಿಯಲ್ಲಿದ್ದ ಯಾರೂ (ನನ್ನನ್ನೂ ಸೇರಿಸಿ) ಆ ಸಿಂಫನಿಯನ್ನು ಕೇಳಿರಲಿಲ್ಲ. ಹಿಂದಿನ ರಾತ್ರಿ ಲಂಡನ್ನಿನಲ್ಲಿ ನಡೆದದ್ದು, ಕೇಳುವುದಾದರೂ ಹೇಗೆ! ಆದರೆ ಅಭಿಪ್ರಾಯ ಮಾತ್ರ ಎಲ್ಲರ ಹತ್ತಿರ ರೆಡಿ ಇತ್ತು.

ಆಗ ನೆನಪಾದದ್ದು ನನ್ನ ಹಳೇ ವಿದ್ಯಾರ್ಥಿ ಒಬ್ಬನ ಫೋನು.

ಅವನು ನಮ್ಮ ಕನ್ನಡ ಮಾಧ್ಯಮದ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಡಿಪ್ಲೊಮಾ ಮಾಡಿ, ಬೆಂಗಳೂರಿನ ಫ್ಯಾಕ್ಟರಿಯೊಂದಕ್ಕೆ ಸೇರಿದವನು. ರೂಮಿನ ಹುಡುಗರ ಸಹವಾಸದಲ್ಲಿ ಹೆವಿ ಮೆಟಲ್ ಹಿಡಿಯಿತು. ಮೆಟಾಲಿಕಾ ಅಂದರೆ ಪ್ರಾಣ. 2011ರ ಅಕ್ಟೋಬರ್ 30ರಂದು ಆ ಬ್ಯಾಂಡು ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ಸಂಬಳದ ದುಡ್ಡು ಕೂಡಿಟ್ಟು ಹೋಗಿದ್ದ. ಮರುದಿನ ಗಂಟಲು ಕಟ್ಟಿಕೊಂಡೇ ನನಗೆ ಫೋನ್ ಮಾಡಿದ್ದ. ನಾನಾಗ "ಅದೇನೋ ಗಲಾಟೆ ಕಣೋ" ಅಂತ ನಕ್ಕಿದ್ದೆ. 2023ರ ಏಪ್ರಿಲ್‌ನಲ್ಲಿ ಅವರ ಹೊಸ ಆಲ್ಬಂ ಬಂತು. ಮತ್ತೆ ಫೋನು. "ಸಾರ್, ಮನಸ್ಸಿಗೆ ಬೇಜಾರಾಯ್ತು. ಇದಕ್ಕಾ ಏಳು ವರ್ಷ ಕಾದಿದ್ದು?" ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಅನ್ನುವ ಧ್ವನಿ!

ಆಲ್ಬಮ್ಮಿನ ಹೆಸರು '72 ಸೀಸನ್ಸ್'. 12 ಹಾಡು, 77 ನಿಮಿಷ. ಕೊನೆಯ ಹಾಡು 'ಇನಾಮೊರಾಟಾ' ಒಂದೇ 11 ನಿಮಿಷಕ್ಕಿಂತ ಹೆಚ್ಚು. ಜಗತ್ತಿನಾದ್ಯಂತ ಅಭಿಮಾನಿಗಳು ಎರಡು ಭಾಗವಾದರು. ಹಳೆಯ ವೇಗ, ಹಳೆಯ ಕಿಚ್ಚು ವಾಪಸ್ ಬಂತು ಅಂತ ಕೆಲವರು. ಎಳೆದಿದ್ದಾರೆ, ಒಂದೇ ಥರ ಇದೆ, ಕರ್ಕ್ ಹ್ಯಾಮೆಟ್‌ನ ಗಿಟಾರ್ ಸೋಲೊಗಳಲ್ಲಿ ಶ್ರಮ ಕಾಣುತ್ತಿಲ್ಲ ಅಂತ ಉಳಿದವರು. ನನ್ನ ಶಿಷ್ಯ ಎರಡನೇ ಗುಂಪು.

ಆದರೆ ನನ್ನನ್ನು ಹಿಡಿದದ್ದು ಆ ಹೆಸರು. 72 ಋತು ಅಂದರೇನು? ಅವರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಋತು, 18 ವರ್ಷಕ್ಕೆ 72. ಮನುಷ್ಯನ ಮೊದಲ ಹದಿನೆಂಟು ವರ್ಷ ಅವನನ್ನು ರೂಪಿಸುತ್ತೆ, ಆಮೇಲೆ ಆಯುಷ್ಯವಿಡೀ ಅದರ ಜೊತೆ ಹೆಣಗುತ್ತಾನೆ ಅನ್ನುವುದು ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್‌ನ ವಿಚಾರ. (ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಆರು ಋತು, ಒಟ್ಟು 108 ಆಗುತ್ತೆ. ಜಪಮಾಲೆಗೆ ಸರಿಯಾಯಿತು!) ಆ ಹದಿನೆಂಟರಲ್ಲಿ ಹೆಚ್ಚುಕಮ್ಮಿ ಹತ್ತು ಹನ್ನೆರಡು ವರ್ಷ ಮಕ್ಕಳು ಇರುವುದು ನಮ್ಮ ಕೈಯಲ್ಲಿ, ಶಾಲೆಯಲ್ಲಿ. ಮೇಷ್ಟ್ರಾದವನಿಗೆ ಈ ಲೆಕ್ಕ ಸ್ವಲ್ಪ ಭಯ ಹುಟ್ಟಿಸುತ್ತೆ ಅಲ್ಲವೇ?

ಅವತ್ತಿನಿಂದ ಕುತೂಹಲಕ್ಕೆ ಈ ಬ್ಯಾಂಡಿನ ಕಥೆಯನ್ನು ಓದಿದೆ, ಕೇಳಿದೆ. ಕೇಳಲು ಕಷ್ಟಪಟ್ಟೆ ಅನ್ನುವುದೇ ಸತ್ಯ. ಆದರೆ ಕಥೆ ಸೊಗಸಾಗಿದೆ.

ಮೆಟಾಲಿಕಾ ಶುರುವಾದದ್ದು 1981ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1983ರಲ್ಲಿ ಮೊದಲ ಆಲ್ಬಂ. ಬರೀ ವೇಗ. 1984ರಲ್ಲಿ ಎರಡನೆಯದು ಬಂತು, ಅದರಲ್ಲಿ 'ಫೇಡ್ ಟು ಬ್ಲ್ಯಾಕ್' ಅಂತ ಒಂದು ಹಾಡು ಮೆಲ್ಲಗೆ, ಸಾದಾ ಗಿಟಾರಿನಲ್ಲಿ ಆರಂಭವಾಗುತ್ತೆ. ಅಷ್ಟಕ್ಕೇ ಕೆಲವರು "ಇವರು ಮಾರಿಕೊಂಡರು" ಅಂದರು. ಬ್ಯಾಂಡಿಗೆ ಆಗಿನ್ನೂ ಮೂರು ವರ್ಷ! 1991ರಲ್ಲಿ ಕಪ್ಪು ರಕ್ಷಾಕವಚದ ಆಲ್ಬಂ ಬಂದು ಕೋಟಿಗಟ್ಟಲೆ ಜನ ಕೊಂಡಾಗ ಹಳಬರು ಮತ್ತೆ ಮುನಿಸಿಕೊಂಡರು. 1996ರಲ್ಲಿ ಉದ್ದ ಕೂದಲು ಕತ್ತರಿಸಿಕೊಂಡು 'ಲೋಡ್' ತಂದರು. ಹಾಡಿನಷ್ಟೇ ಬೈಗುಳ ಆ ಕೂದಲಿಗೂ ಬಿತ್ತು. ನಮ್ಮ ಕಡೆ ಯಕ್ಷಗಾನದ ವೇಷ, ನಾಟಕದ ಪರದೆ ಬದಲಾಯಿಸಿದರೆ ಹೇಗೋ ಹಾಗೆ.

2003ರಲ್ಲಿ 'ಸೇಂಟ್ ಆಂಗರ್'. ಇದರಲ್ಲಿ ಗಿಟಾರ್ ಸೋಲೊ ಇಲ್ಲವೇ ಇಲ್ಲ. ಸ್ನೇರ್ ಡ್ರಮ್ಮಿನ ಕೆಳಗೆ ತಂತಿಗಳಿರುತ್ತವೆ, ಆ ಚರಚರ ನಾದ ಬರುವುದೇ ಅದರಿಂದ. ಡ್ರಮ್ಮರ್ ಲಾರ್ಸ್ ಉಲ್ರಿಕ್ ಆ ತಂತಿಗಳನ್ನು ಸಡಿಲ ಬಿಟ್ಟು ನುಡಿಸಿದ. ಕೇಳಿದರೆ ಯಾರೋ ಖಾಲಿ ತಗಡಿನ ಡಬ್ಬ ಬಡಿದಂತೆ. ಅಭಿಮಾನಿಗಳು ಇವತ್ತಿಗೂ ಆ ಡಬ್ಬವನ್ನು ಕ್ಷಮಿಸಿಲ್ಲ. ಆದರೆ ಹಿನ್ನೆಲೆಯನ್ನೂ ನೋಡಿ. 2001ರಲ್ಲಿ ಅವರ ಬಾಸ್ ಗಿಟಾರಿನವನು ಬಿಟ್ಟು ಹೋಗಿದ್ದ, ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದ್ದ, ಬ್ಯಾಂಡು ಒಡೆಯುವುದರಲ್ಲಿತ್ತು. ಆ ಗದ್ದಲವೆಲ್ಲಾ ಆ ಆಲ್ಬಮ್ಮಿನಲ್ಲಿದೆ. ಹಾಗಂತ ಕೇಳಲು ಚೆನ್ನಾಗಿದೆಯೇ? ನನಗೆ ಇಲ್ಲ. ಕಾರಣ ಗೊತ್ತಾದರೆ ಮರುಕ ಬರುತ್ತೆ, ಹಾಡು ಚೆನ್ನಾಗಿ ಬಿಡುವುದಿಲ್ಲ.

2008ರ 'ಡೆತ್ ಮ್ಯಾಗ್ನೆಟಿಕ್' ಕಥೆ ಬೇರೆ. ಹಾಡುಗಳು ಬಹಳ ಜನಕ್ಕೆ ಹಿಡಿಸಿದವು, ತಕರಾರು ಇದ್ದದ್ದು ಶಬ್ದದ ಬಗ್ಗೆ. ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಮೈಕಿನ ವಾಲ್ಯೂಮನ್ನು ಪೂರಾ ತಿರುಗಿಸಿಟ್ಟರೆ ಏನಾಗುತ್ತೆ? ಮೆಲ್ಲಗೆ ಹಾಡುವ ಮಗುವೂ ಕಿರುಚಿದಂತೆ, ಜೋರಾಗಿ ಹಾಡುವ ಮಗುವೂ ಕಿರುಚಿದಂತೆ, ನಡುನಡುವೆ ಗರಗರ. ಧ್ವನಿಮುದ್ರಣದಲ್ಲೂ ಹಾಗೇ. ಮೆಲುದನಿಯನ್ನು ಎತ್ತಿ ಎತ್ತಿ ಜೋರುದನಿಯ ಮಟ್ಟಕ್ಕೆ ತಂದರೆ, ಮೇಲಿನ ಶಿಖರಗಳು ಕತ್ತರಿಸಿ ಹೋಗಿ ಸದ್ದು ಒಡೆಯುತ್ತೆ. ಅದೇ ಹಾಡುಗಳು 'ಗಿಟಾರ್ ಹೀರೋ' ಅನ್ನುವ ವೀಡಿಯೋ ಗೇಮಿನಲ್ಲಿ ಇಷ್ಟು ಒಡೆಯದೆ ಬಂದಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ, ಮತ್ತೆ ಮಿಕ್ಸ್ ಮಾಡಿ ಅಂತ ಹತ್ತು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಇದು ನೋಡಿ ಸರಿಯಾದ ತಕರಾರು! ಕೇಳಿದ್ದಾರೆ, ಪರೀಕ್ಷಿಸಿದ್ದಾರೆ, ಇಂಥಲ್ಲಿ ತಪ್ಪಿದೆ ಅಂತ ತೋರಿಸಿದ್ದಾರೆ.

ಇನ್ನು 2011. ನನ್ನ ಶಿಷ್ಯ ಅರಮನೆ ಮೈದಾನದಲ್ಲಿ ಕುಣಿದನಲ್ಲ, ಅದೇ ವಾರ ಅವರು ಲೂ ರೀಡ್ ಎಂಬ ಹಿರಿಯ ಹಾಡುಗಾರನ ಜೊತೆ ಮಾಡಿದ 'ಲುಲು' ಬಂತು. ಅಷ್ಟು ಉಗಿಸಿಕೊಂಡ ಆಲ್ಬಂ ಮೆಟಲ್ ಲೋಕದಲ್ಲಿ ಕಡಿಮೆ. ಲೂ ರೀಡ್ 2013ರಲ್ಲಿ ತೀರಿಕೊಂಡ. 2015ರಲ್ಲಿ ಅವನ ಹೆಂಡತಿ ಲಾರಿ ಆಂಡರ್ಸನ್ ಒಂದು ಸಮಾರಂಭದಲ್ಲಿ, ಇದೇ ಲೂ ರೀಡ್‌ನ ಶ್ರೇಷ್ಠ ಕೃತಿ ಅಂತ ಡೇವಿಡ್ ಬೋವಿ ತನಗೆ ಹೇಳಿದ್ದನ್ನು ನೆನೆಸಿಕೊಂಡರು. ಬೋವಿ ಸಾಮಾನ್ಯ ಕಿವಿಯವನಲ್ಲ. ಬೋವಿ ಸರಿಯೋ ಲಕ್ಷ ಜನ ಅಭಿಮಾನಿಗಳು ಸರಿಯೋ, ನಾನು ತೀರ್ಪು ಕೊಡಲಾರೆ.

ಅದಿರಲಿ, ಕಂಬಂಗೆ ವಾಪಸ್ ಬರೋಣ.

ರಾಜಾ ಅವರ ಅಭಿಮಾನಿಗಳ ಜಗಳವೂ ಹಳೆಯದೇ. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ವೇದಿಕೆಗಳಲ್ಲಿ ಹಾಡುತ್ತಿದ್ದಾಗ ಜೊತೆಗೆ ಊರೂರು ಸುತ್ತಿದ ಹುಡುಗ. ಮದರಾಸಿಗೆ ಹೋಗಿ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತದ್ದು, ನಮ್ಮ ಕನ್ನಡ ಚಿತ್ರಗಳ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದದ್ದು, 1976ರಲ್ಲಿ 'ಅನ್ನಕ್ಕಿಳಿ', ಎಲ್ಲಾ ನಿಮಗೆ ಗೊತ್ತಿದ್ದದ್ದೇ. ನಮ್ಮವರಿಗೆ ಅವರು 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ರಾಜಾ. ಗಡಿಯ ಈಚೆ ಇರುವ ನಮಗೆ ಎರಡು ಕಡೆಯ ಹಾಡೂ ಸೇರಿಯೇ ಬೆಳೆದದ್ದು, ಬೆಳಿಗ್ಗೆ ರೇಡಿಯೋದಲ್ಲಿ ಕನ್ನಡ, ಸಂಜೆ ಮದುವೆ ಮನೆಯ ಮೈಕಿನಲ್ಲಿ ತಮಿಳು.

ಅವರು ಸಿನಿಮಾ ಬಿಟ್ಟು ಹೊರಗೆ ಕಾಲಿಟ್ಟಾಗಲೆಲ್ಲಾ ಜನ ಎರಡಾದರು. 1986ರಲ್ಲಿ 'ಹೌ ಟು ನೇಮ್ ಇಟ್?' ಮಾಡಿ ತ್ಯಾಗರಾಜರಿಗೂ ಬಾಖ್‌ಗೂ ಅರ್ಪಿಸಿದರು. ಹಾಡು ಎಲ್ಲಿ ಅಂತ ಕೇಳಿದವರೂ ಇದ್ದರು, ಅದರ ಸಂಗೀತವನ್ನೇ ತಮ್ಮ 'ವೀಡು' ಚಿತ್ರಕ್ಕೆ ಬಳಸಿಕೊಂಡ ಬಾಲು ಮಹೇಂದ್ರರಂಥವರೂ ಇದ್ದರು. 1993ರಲ್ಲಿ ಲಂಡನ್ನಿನಲ್ಲಿ ಇದೇ ರಾಯಲ್ ಫಿಲ್‌ಹಾರ್ಮೋನಿಕ್ ಜೊತೆ ಒಂದು ಸಿಂಫನಿ ಧ್ವನಿಮುದ್ರಣವಾಯಿತು, ಬಿಡುಗಡೆ ಮಾತ್ರ ಆಗಲಿಲ್ಲ. 2005ರಲ್ಲಿ ಮಾಣಿಕ್ಕವಾಚಕರ 'ತಿರುವಾಸಗಂ' ಪದ್ಯಗಳನ್ನು ಬುಡಾಪೆಸ್ಟಿನ ಆರ್ಕೆಸ್ಟ್ರಾ ಜೊತೆ ಮಾಡಿದರು, ಇಂಗ್ಲಿಷ್ ಸಾಲುಗಳೂ ಸೇರಿದವು. ಶಿವನ ಸ್ತುತಿಗೆ ಇಂಗ್ಲಿಷ್ ಯಾಕೆ ಅಂದರು ಒಂದು ಕಡೆಯವರು. ಇದನ್ನು ಸಿಂಫನಿ ಅನ್ನಬಾರದು, ಹಾಡುವವರಿರುವ ಇಂಥದ್ದಕ್ಕೆ ಒರೆಟೋರಿಯೊ ಅನ್ನಬೇಕು ಅಂದರು ಇನ್ನೊಂದು ಕಡೆಯವರು. ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದವರೂ ಬಹಳ.

ಹೀಗೆ 32 ವರ್ಷ ಕಾಯಿಸಿ, ತಮ್ಮ 81ನೇ ವಯಸ್ಸಿನಲ್ಲಿ 'ವೇಲಿಯಂಟ್' ತಂದರು. 35 ದಿನದಲ್ಲಿ ಬರೆದೆ ಅಂದರು. ಅದಕ್ಕೆ ಒಂದು ವರ್ಷದ ಹಿಂದೆ, 2024ರ ಜನವರಿಯಲ್ಲಿ, ಮಗಳು ಭವತಾರಿಣಿಯನ್ನು ಕಳಕೊಂಡ ಅಪ್ಪ ಅವರು. ಆ ಮಗಳನ್ನು ಮಣ್ಣು ಮಾಡಿದ್ದು ಇದೇ ತೇನಿ ಜಿಲ್ಲೆಯಲ್ಲಿ.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಸಿಂಫನಿ ನಡೆದ ಸಭಾಂಗಣದ ಹೆಸರು ಈಗ ಈವೆಂಟಿಮ್ ಅಪೊಲೊ. ಹಿಂದೆ ಅದು ಹ್ಯಾಮರ್‌ಸ್ಮಿತ್ ಓಡಿಯನ್. ಮೆಟಲ್ ಕೇಳುವವರಿಗೆ ಅದು ಯಾತ್ರಾಸ್ಥಳ! ಮೋಟರ್‌ಹೆಡ್ ಬ್ಯಾಂಡಿನ 1981ರ ಪ್ರಸಿದ್ಧ ಲೈವ್ ಆಲ್ಬಮ್ಮಿಗೆ ಆ ಜಾಗದ ಹೆಸರೇ ಇದೆ. (ಮುದ್ರಿಸಿದ್ದು ಮಾತ್ರ ಬೇರೆ ಊರುಗಳಲ್ಲಿ!) ಐರನ್ ಮೇಡನ್ ಕೂಡ 1982ರಲ್ಲಿ ಅಲ್ಲಿ ನುಡಿಸಿದ್ದು ಮುಂದೆ ಆಲ್ಬಂ ಆಗಿ ಬಂತು. ನನ್ನ ಶಿಷ್ಯನಿಗೆ ಇದನ್ನು ಹೇಳಿದಾಗ ಫೋನಿನಲ್ಲೇ ಕೂಗಿದ. "ಸಾರ್, ರಾಜಾ ಸಾರ್ ಹ್ಯಾಮರ್‌ಸ್ಮಿತ್‌ನಲ್ಲಾ?" ಅವತ್ತು ಮೊದಲ ಸಲ ನಾವಿಬ್ಬರೂ ಒಂದೇ ಸಂಗೀತದ ಬಗ್ಗೆ ಮಾತಾಡಿದ್ದು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಅಭಿಮಾನಿಯ ಬೇಸರವನ್ನು ನಾನು ಹುಚ್ಚು ಅನ್ನುವುದಿಲ್ಲ. ಒಬ್ಬ ಕಲಾವಿದನಿಗಾಗಿ ಏಳು ವರ್ಷ ಕಾಯುವವನು, ಊಟ ಬಿಟ್ಟು ಟಿಕೆಟ್ ಕೊಳ್ಳುವವನು, ಬೇಸರಪಡುವ ಹಕ್ಕನ್ನೂ ಗಳಿಸಿರುತ್ತಾನೆ. ಆದರೆ ಬೇಸರದಲ್ಲಿ ಎರಡು ಬಗೆ. "ಇದು ಚೆನ್ನಾಗಿಲ್ಲ, ಯಾಕೆಂದರೆ ಇಂಥಲ್ಲಿ ಸದ್ದು ಒಡೆದಿದೆ, ಇಂಥಲ್ಲಿ ಎಳೆದಿದೆ" ಅನ್ನುವುದು ಒಂದು. "ಇದು ಮೊದಲಿನ ಹಾಗಿಲ್ಲ" ಅನ್ನುವುದು ಇನ್ನೊಂದು. ಎರಡನೆಯದು ಹಾಡಿನ ಬಗ್ಗೆ ಹೇಳಿದ ಮಾತೇ ಅಲ್ಲ, ನಮ್ಮ ಬಗ್ಗೆ ಹೇಳಿಕೊಂಡ ಮಾತು. ಆ ಕಂಡಕ್ಟರಿಗೆ ಬೇಕಾದದ್ದು ಎಂಬತ್ತರ ದಶಕದ ರಾಜಾನೋ, ಎಂಬತ್ತರ ದಶಕದಲ್ಲಿ ಹದಿನೈದು ವರ್ಷದವನಾಗಿದ್ದ ತಾನೋ? ಹದಿನೆಂಟರೊಳಗೆ ಕೇಳಿದ್ದೇ ಕಿವಿಗೆ ಅಳತೆಗೋಲಾಗಿ ಕೂತುಬಿಡುತ್ತೆ. ನನಗೂ ಅಷ್ಟೇ. ಇವತ್ತಿಗೂ 'ಪಲ್ಲವಿ ಅನುಪಲ್ಲವಿ'ಯ ಆ ಗಿಟಾರು ಕೇಳಿದರೆ ಕೈಲಿದ್ದ ಕೆಲಸ ನಿಲ್ಲುತ್ತೆ.

ಮೊದಲಿನ ಹಿರಿಯರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. "ನಮ್ಮ ಊರಿನವನು, ಆದ್ದರಿಂದ ಶ್ರೇಷ್ಠ" ಅನ್ನುವ ಹೆಮ್ಮೆ ಮನುಷ್ಯ ಸಹಜ. ಆದರೆ ಹೆಮ್ಮೆಯೂ ಕೇಳದೆ ಕೊಟ್ಟ ತೀರ್ಪೇ. ಚೆನ್ನೈಗೆ ಮರಳಿದ ಮೇಲೆ ರಾಜಾ ಅವರೇ ಕೇಳಿಕೊಂಡದ್ದೂ ಇಷ್ಟೇ, ಮೊಬೈಲಿನಲ್ಲಿ ಬಂದ ತುಣುಕು ಕೇಳಬೇಡಿ, ಎದುರು ಕೂತು ಕೇಳಿ ಅಂತ. ಹೊಗಳಿ ಅಂತ ಕೇಳಲಿಲ್ಲ.

ಅವತ್ತು ಮಧ್ಯಾಹ್ನ ಮದುವೆ ಮನೆಯಲ್ಲಿ ನನಗೇ ಇದರ ರುಚಿ ಸಿಕ್ಕಿತು. ಕಂಬಂ ಕಡೆ ಕಪ್ಪಿಲಿಯರು ಅಂತ ಇದ್ದಾರೆ, ತಲೆತಲಾಂತರದಿಂದ ಅಲ್ಲೇ ಬೇಸಾಯ ಮಾಡಿಕೊಂಡು ಮನೆಯಲ್ಲಿ ಕನ್ನಡ ಆಡುವವರು. ಓದು ಬರಹವೆಲ್ಲಾ ತಮಿಳು. ಸ್ನೇಹಿತರ ಮನೆಯವರೂ ಅವರೇ. ಊಟಕ್ಕೆ ಕೂತಾಗ ಅಜ್ಜಿಯೊಬ್ಬರು ನನ್ನ ಮಾತು ಕೇಳಿ ನಕ್ಕುಬಿಟ್ಟರು. ಇದೇನು ಕನ್ನಡ, ಪುಸ್ತಕ ಓದಿದ ಹಾಗಿದೆ ಅಂತ! ನನಗೋ ಅವರ ಕನ್ನಡದಲ್ಲಿ ತಮಿಳು ಜಾಸ್ತಿ ಕೇಳಿಸಿತ್ತು. ಯಾರದ್ದು 'ಮೊದಲಿನ' ಕನ್ನಡ, ಯಾರದ್ದು ಕೆಟ್ಟದ್ದು? ಇಪ್ಪತ್ತೈದು ವರ್ಷ ಕೆಂಪು ಶಾಯಿ ಹಿಡಿದವನು ಸುಮ್ಮನೆ ಅನ್ನ ಸಾರು ಉಂಡೆ.

ಕೆಂಪು ಶಾಯಿ ಅಂದ ಮೇಲೆ ಒಂದು ತಪ್ಪೊಪ್ಪಿಗೆಯೂ ಇದೆ. ಬಹಳ ವರ್ಷದ ಹಿಂದಿನ ಮಾತು. ಎಂಟನೇ ತರಗತಿಯ ಒಬ್ಬ ಹುಡುಗಿ ನಮ್ಮ ಗೋಡೆ ಪತ್ರಿಕೆಗೆ ಚೆಂದದ ಪ್ರಾಸದ ಪದ್ಯ ಬರೆದು ಕೊಡುತ್ತಿದ್ದಳು. ಮಳೆ, ಕರು, ಯುಗಾದಿ, ಹೀಗೆ. ಬಂದ ಅಧಿಕಾರಿಗಳಿಗೆಲ್ಲಾ ಓದಿ ಹೇಳುತ್ತಿದ್ದೆ. ಒಂಬತ್ತನೇ ತರಗತಿಗೆ ಬಂದ ಮೇಲೆ ಒಂದು ದಿನ ಪ್ರಾಸವಿಲ್ಲದ ಒಂದು ಪುಟ ತಂದಳು. ಅಪ್ಪ ಲಾರಿಯಿಂದ ಇಳಿದು ಬರುವ ರಾತ್ರಿಯ ಬಗ್ಗೆ ಅಂತ ನೆನಪು. ಅರ್ಧ ಓದಿ ಕೆಳಗೆ ಬರೆದೆ: "ಮೊದಲಿನ ಹಾಗೆ ಬರಿ."

ಅವಳು ಮತ್ತೆ ಏನೂ ಕೊಡಲಿಲ್ಲ. ಹತ್ತು ಮುಗಿಸಿ ಹೋದಳು. ಆ ಪುಟ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾಕೆಂದರೆ ನಾನು ಅದನ್ನು ಪೂರ್ತಿ ಓದಲೇ ಇಲ್ಲ, ಹಳೆಯದರ ಪಕ್ಕ ಇಟ್ಟು ನೋಡಿದೆ ಅಷ್ಟೆ. ಮೆಟಾಲಿಕಾಗೆ ಬೈದರೆ ಅವರು ಇನ್ನೊಂದು ಆಲ್ಬಂ ಮಾಡುತ್ತಾರೆ. ರಾಜಾ ಅವರಂತೂ ಯಾರ ಮಾತಿಗೂ ನಿಲ್ಲುವವರಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಆ ಬಲ ಎಲ್ಲಿಂದ ಬರಬೇಕು? ಅವಳಿಗೆ ಇದ್ದದ್ದು ಒಬ್ಬನೇ ಓದುಗ, ನಾನು.

ಅದಕ್ಕೇ ಈಗ ನನ್ನ ತರಗತಿಯಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇನೆ. ಹೊಸತು ಏನೇ ಬರಲಿ, ಪದ್ಯವೋ ಹಾಡೋ ಚಿತ್ರವೋ, ಮೂರು ಸಲ ಓದದೆ, ಕೇಳದೆ, ನೋಡದೆ ಯಾರೂ ಮಾತಾಡಬಾರದು. ಮೂರಾದ ಮೇಲೆ ಹಿಡಿಸಲಿಲ್ಲ ಅನ್ನಬಹುದು, ಧಾರಾಳವಾಗಿ. ಆದರೆ ಎಲ್ಲಿ, ಯಾಕೆ ಅಂತ ಹೇಳಬೇಕು. 'ಮೊದಲಿನ ಹಾಗಿಲ್ಲ' ಅನ್ನುವ ಮಾತು ನಿಷಿದ್ಧ. ಮೇಷ್ಟ್ರಿಗೂ!

ಅಂದಹಾಗೆ ನನ್ನ ಶಿಷ್ಯ ಎರಡು ತಿಂಗಳ ನಂತರ ಮತ್ತೆ ಫೋನ್ ಮಾಡಿದ್ದ. "ಸಾರ್, ಆ 11 ನಿಮಿಷದ ಕೊನೇ ಹಾಡು ಈಗ ಹಿಡೀತಾ ಇದೆ. ಬಾಕಿಯದ್ದು ಇಲ್ಲ." ಸರಿ ಕಣಪ್ಪಾ, ಹನ್ನೆರಡರಲ್ಲಿ ಒಂದು. ಕೇಳಿ ಹೇಳಿದೆಯಲ್ಲ, ಅಷ್ಟು ಸಾಕು ಅಂದೆ.

ನಿಮ್ಮ ಶಾಲೆಗಳಲ್ಲೂ ಇಂಥ ಪುಟಗಳು ಬಂದಿರುತ್ತವೆ. ಏನು ಬರೆದು ವಾಪಸ್ ಕೊಟ್ಟಿರಿ? ನೆನಪಿದ್ದವರು ಹೇಳಿ. ಆ ಹುಡುಗಿ ಎಲ್ಲಾದರೂ ಇದನ್ನು ಓದಿದರೆ, ಆ ಪುಟ ಇನ್ನೂ ಇದ್ದರೆ, ಕಳಿಸಮ್ಮಾ. ಈ ಸಲ ಪೂರ್ತಿ ಓದುತ್ತೇನೆ.